ಹಾಫ್‌ಕಿನ್ ಕೊಟ್ಟ ಲೆಕ್ಕ

ವಾಲ್ಡೆಮಾರ್ ಹಾಫ್‌ಕಿನ್ ಹುಟ್ಟಿದ್ದು 1860ರಲ್ಲಿ, ಒಡೆಸ್ಸಾದಲ್ಲಿ. ಓದಿದ್ದು ಪ್ರಾಣಿಶಾಸ್ತ್ರ. ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಗೆ ಹೋದಾಗ ಮೊದಲು ಸಿಕ್ಕಿದ್ದು ಗ್ರಂಥಾಲಯದ ಕೆಲಸ. 1892ರಲ್ಲಿ ಕಾಲರಾ ಲಸಿಕೆ ತಯಾರಿಸಿ ತಮಗೇ ಚುಚ್ಚಿಕೊಂಡರು. ಮರುವರ್ಷ ಭಾರತಕ್ಕೆ ಬಂದರು.

1896ರಲ್ಲಿ ಬೊಂಬಾಯಿಗೆ ಪ್ಲೇಗ್ ಬಂತು. ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಕೆಲಸ ಮಾಡಿ ಮೂರೇ ತಿಂಗಳಲ್ಲಿ ಲಸಿಕೆ ಸಿದ್ಧಪಡಿಸಿದರು. 1897ರ ಜನವರಿ 10ರಂದು ಮತ್ತೆ ಮೊದಲ ಚುಚ್ಚುಮದ್ದು ತಮಗೇ. ಮಕ್ಕಳಿಗೆ ಈ ಪ್ರಸಂಗ ತುಂಬಾ ಇಷ್ಟ. ನನಗೆ ಮುಖ್ಯವೆನಿಸುವುದು ಅದೇ ತಿಂಗಳ ಬೈಕುಲಾ ಸೆರೆಮನೆ. ಅಲ್ಲಿ ಪ್ಲೇಗ್ ಕಾಣಿಸಿತ್ತು. ಕೈದಿಗಳಲ್ಲಿ ಸುಮಾರು ಅರ್ಧದಷ್ಟು ಜನ ತಾವಾಗಿ ಮುಂದೆ ಬಂದು ಚುಚ್ಚಿಸಿಕೊಂಡರು. ಚುಚ್ಚಿಸಿಕೊಳ್ಳದವರಲ್ಲಿ 12 ಮಂದಿಗೆ ರೋಗ ಬಂತು, 6 ಮಂದಿ ಸತ್ತರು. ಚುಚ್ಚಿಸಿಕೊಂಡವರಲ್ಲಿ ಯಾರೂ ಸಾಯಲಿಲ್ಲ, ಆದರೆ ಇಬ್ಬರಿಗೆ ಪ್ಲೇಗ್ ಬಂತು.

ಆ ಇಬ್ಬರನ್ನು ನಾವು ಪಾಠದಲ್ಲಿ ಬಿಟ್ಟುಬಿಡುತ್ತೇವೆ. ಬೋಧನಾಭ್ಯಾಸದಲ್ಲಿ ಒಂಬತ್ತನೇ ತರಗತಿಗೆ ಲಸಿಕೆಯ ಪಾಠ ಮಾಡುವಾಗ, ಚುಚ್ಚಿಸಿಕೊಂಡ ಮೇಲೆ ರೋಗಿಯ ಪಕ್ಕ ಮಲಗಬಹುದೇ ಎಂದು ಒಬ್ಬ ಹುಡುಗ ಕೇಳಿದ. ನಾನು ಹೆಲ್ಮೆಟ್ ಉದಾಹರಣೆ ಕೊಟ್ಟೆ. ಹೆಲ್ಮೆಟ್ ಇದೆಯೆಂಬ ಧೈರ್ಯದಲ್ಲಿ ಅತ್ತಿಬೆಲೆ ರಸ್ತೆಯಲ್ಲಿ ಲಾರಿಗಳ ನಡುವೆ ಇನ್ನೂ ಜೋರಾಗಿ ಬೈಕ್ ಓಡಿಸಿದರೆ ಹೆಲ್ಮೆಟ್‌ನಿಂದ ಬಂದ ಲಾಭದಲ್ಲಿ ಎಷ್ಟು ಉಳಿಯುತ್ತದೆ? ಜಿಗಣಿಯ ಕಾರ್ಖಾನೆಗೆ ಹೋಗುವವರ ಮಕ್ಕಳಿಗೆ ಅದು ತಕ್ಷಣ ಅರ್ಥವಾಯಿತು.

1898ರಲ್ಲಿ ಪ್ಲೇಗ್ ಬೆಂಗಳೂರಿಗೂ ಬಂತು. ಜನ ಮನೆ ಬಿಟ್ಟು ಊರಾಚೆ ಗುಡಿಸಲು ಹಾಕಿದರು, ಪ್ಲೇಗ್ ಮಾರಿಯಮ್ಮನಿಗೆ ಗುಡಿ ಕಟ್ಟಿದರು, ಹಾಫ್‌ಕಿನ್ ಲಸಿಕೆಯನ್ನೂ ಹಾಕಿಸಿಕೊಂಡರು. ಇಕ್ಕಟ್ಟು ತಪ್ಪಿಸಲು ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಲಸಿಕೆ ಬಂತೆಂದು ಬಡಾವಣೆಯ ಕೆಲಸ ನಿಲ್ಲಲಿಲ್ಲ. ಇದು ನನಗೆ ಮೆಚ್ಚುಗೆಯಾದ ಸಂಗತಿ. ಬ್ರಿಟಿಷ್ ಆಡಳಿತದ ಹಲವು ಕಡೆ ಚುಚ್ಚಿಸಿಕೊಂಡವರಿಗೆ ಪ್ರಮಾಣಪತ್ರ ಕೊಟ್ಟು ಕೆಲವು ನಿರ್ಬಂಧಗಳಿಂದ ವಿನಾಯಿತಿ ನೀಡುತ್ತಿದ್ದರು. ಚೀಟಿಯ ಆಸೆಗೆ ಲಸಿಕೆಗೆ ಬಂದವರೂ ಇದ್ದಿರಬೇಕು. ಅಂಥವರು ಚೀಟಿಯನ್ನು ತಾಯಿತದಂತೆ ನಂಬಿದರೆ ಹಾಫ್‌ಕಿನ್ ಲೆಕ್ಕ ಅವರಿಗೆ ತಲುಪಿಲ್ಲ ಎಂದೇ ಅರ್ಥ.

1902ರಲ್ಲಿ ಪಂಜಾಬಿನ ಮುಲ್ಕೋವಾಲ್‌ನಲ್ಲಿ ಚುಚ್ಚಿಸಿಕೊಂಡ 19 ಜನ ಧನುರ್ವಾಯುವಿನಿಂದ ಸತ್ತರು. ಎಲ್ಲರಿಗೂ ಒಂದೇ ಸೀಸೆಯ ಮದ್ದು ಹೋಗಿತ್ತು. ಹಾಫ್‌ಕಿನ್ ಹುದ್ದೆ ಕಳೆದುಕೊಂಡರು. ಸೀಸೆ ತೆರೆದ ಹಳ್ಳಿಯಲ್ಲೇ ಸೋಂಕು ತಗುಲಿತ್ತೆಂದು ವಿಜ್ಞಾನಿಗಳು ವಾದಿಸಿದ ಮೇಲೆ, 1907ರಲ್ಲಿ ಆರೋಪದಿಂದ ಮುಕ್ತರಾಗಿ ಕಲ್ಕತ್ತೆಗೆ ಮರಳಿದರು. ಪರೇಲಿನ ಅವರ ಪ್ರಯೋಗಾಲಯಕ್ಕೆ 1925ರಲ್ಲಿ ಅವರದೇ ಹೆಸರಿಟ್ಟರು. 1930ರಲ್ಲಿ ಸ್ವಿಟ್ಜರ್ಲೆಂಡಿನ ಲೌಸಾನ್‌ನಲ್ಲಿ ತೀರಿಕೊಂಡರು.