ಫಿಯಟ್ ಕಾರಿನ ಹಿಂದಿದ್ದ ಸೊಲ್ಲಾಪುರದ ಶ್ರಾವಕ: ಶೇಠ್ ವಾಲ್‌ಚಂದ್ ಹಿರಾಚಂದ್



ನಮ್ಮ ಅಣ್ಣಿಗೇರಿ, ನವಲಗುಂದ, ಕುಂದಗೋಳ ಕಡೆಯ ಹಳೆಯ ಮಂದಿಗೆ ಕಾರು ಎಂದರೆ ಎರಡೇ. ಒಂದು ಅಂಬಾಸಡರ್, ಇನ್ನೊಂದು ಫಿಯಟ್. ಜೀಪು ಸಾಹೇಬರದು, ಅದು ಲೆಕ್ಕಕ್ಕಿಲ್ಲ. ಹೋದ ವರ್ಷ ದಶಲಕ್ಷಣ ಪರ್ವದ ಒಂದು ಸಂಜೆ ಬಸದಿಯ ಕಟ್ಟೆಯ ಮೇಲೆ ಕುಳಿತಿದ್ದಾಗ ನಮ್ಮ ಹುಡುಗರು ಯಾವ ಕಂಪನಿಯ ಕಾರು ಒಳ್ಳೆಯದು, ಯಾವುದಕ್ಕೆ ಎಷ್ಟು ಸ್ಟಾರು, ಯಾವ ಶೋರೂಮಿನವರು ಎಷ್ಟು ರಿಯಾಯಿತಿ ಕೊಡುತ್ತಾರೆ ಎಂದು ತಾಸುಗಟ್ಟಲೆ ಮಾತಾಡುತ್ತಿದ್ದರು. ಭಾರತದಲ್ಲಿ ಕಾರು ತಯಾರಿಸಲು ಮೊದಲು ಟೊಂಕ ಕಟ್ಟಿದವರಲ್ಲಿ ಒಬ್ಬರು ನಮ್ಮ ದಿಗಂಬರ ಜೈನರೇ ಎಂದು ನಾನು ಹೇಳಿದೆ. ಒಬ್ಬರಿಗೂ ಹೆಸರು ಗೊತ್ತಿರಲಿಲ್ಲ. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಪಿಯುಸಿವರೆಗೆ ಓದಿದ ಅಡತಿ ವ್ಯಾಪಾರಿ, ಪಂಡಿತನಲ್ಲ. ಭಾಷೆಯಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ವಾಲ್‌ಚಂದರು ಹುಟ್ಟಿದ್ದು 1882ರ ನವೆಂಬರ್ 23ರಂದು, ಸೊಲ್ಲಾಪುರದಲ್ಲಿ. ಹೂಮಡ ಸಮಾಜದ ದೋಶಿ ಮನೆತನ. ಮೂಲ ಗುಜರಾತಿನ ವಾಂಕಾನೇರ. ಮನೆಯಲ್ಲಿ ಗುಜರಾತಿ, ಪೇಟೆಯಲ್ಲಿ ಮರಾಠಿ. ಹುಟ್ಟಿದ ಕೆಲವೇ ದಿನಗಳಲ್ಲಿ ತಾಯಿ ತೀರಿಕೊಂಡರು. ತಂದೆ ಹಿರಾಚಂದ್ ನೇಮಚಂದ್ ದೋಶಿಯವರ ಹೆಸರು ಸಮಾಜದ ಹಿರಿಯರಿಗೆ ಗೊತ್ತಿರುತ್ತದೆ. ಸೊಲ್ಲಾಪುರದಿಂದ ಹೊರಟ ಜೈನ ಬೋಧಕ ಎಂಬ ಮರಾಠಿ ಪತ್ರಿಕೆಯನ್ನು ಶುರು ಮಾಡಿದವರು ಅವರೇ. ಲೇವಾದೇವಿ ಮತ್ತು ಹತ್ತಿಯ ವ್ಯಾಪಾರ ಆ ಮನೆಯ ಕಸುಬು. ನಮ್ಮ ಅಣ್ಣಿಗೇರಿ, ಹುಬ್ಬಳ್ಳಿ ಪೇಟೆಯ ಎಷ್ಟೋ ಮನೆಗಳದ್ದೂ ಅದೇ ಕಸುಬು. ಹೀಗಾಗಿ ಆ ಮನೆ ಹೇಗಿದ್ದೀತು ಎಂದು ನನಗೆ ಊಹಿಸಲು ಕಷ್ಟವಾಗುವುದಿಲ್ಲ. ಗಾದಿ, ಲೋಡು, ಕೆಂಪು ಬಟ್ಟೆಯ ಖಾತೆಪುಸ್ತಕ, ಸೂರ್ಯ ಮುಳುಗುವ ಮೊದಲು ಊಟ.

ವಾಲ್‌ಚಂದರಿಗೆ ಆ ಗಾದಿ ಒಗ್ಗಲಿಲ್ಲ. ಕಾಲೇಜು ಓದನ್ನೂ ಪೂರ್ತಿ ಮಾಡಲಿಲ್ಲ. ರೈಲ್ವೆಯಲ್ಲಿ ಗುಮಾಸ್ತರಾಗಿದ್ದ ಲಕ್ಷ್ಮಣರಾವ್ ಫಾಟಕ್ ಎಂಬವರ ಜೊತೆ ಪಾಲುದಾರಿಕೆ ಮಾಡಿಕೊಂಡು ರೈಲ್ವೆ ಗುತ್ತಿಗೆಗೆ ಇಳಿದರು. ಬಾರ್ಸಿ ಲೈಟ್ ರೈಲ್ವೆಯ ಸಣ್ಣದೊಂದು ಹಾದಿಯ ಕೆಲಸ ಅವರ ಮೊದಲ ಗುತ್ತಿಗೆಗಳಲ್ಲಿ ಒಂದು. ಫಾಟಕರಿಗೆ ಕೆಲಸ ಗೊತ್ತು, ಇವರ ಮನೆಗೆ ಪತ್ತು ಇತ್ತು. ಹೂಮಡ ಶೇಠಜಿಯ ಮಗ ಮಣ್ಣು ಅಗೆಸುವ ಗುತ್ತಿಗೆದಾರ ಆಗುವುದೆಂದರೆ ಆ ಕಾಲಕ್ಕೆ ಸಣ್ಣ ಮಾತಲ್ಲ. ಇವತ್ತಿಗೂ ನಮ್ಮಲ್ಲಿ ಅಂಗಡಿ ಬಿಟ್ಟು ಬೇರೆ ಕೆಲಸಕ್ಕೆ ಹೋಗುತ್ತೇನೆಂದ ಮಗನನ್ನು ಮನೆಯವರು ಹೇಗೆ ನೋಡುತ್ತಾರೆಂದು ಓದುಗರಿಗೆ ಗೊತ್ತು.

ಮುಂದೆ ಈ ಕೆಲಸ ಬೆಳೆದು ಮುಂಬಯಿ-ಪುಣೆ ನಡುವಿನ ಬೋರ್ ಘಾಟಿನ ರೈಲ್ವೆ ಸುರಂಗ, ತಾನ್ಸಾ ಕೆರೆಯಿಂದ ಮುಂಬಯಿಗೆ ನೀರು ತರುವ ಕೊಳವೆಸಾಲು, ಬರ್ಮಾದ ಇರಾವತಿ ನದಿಯ ಸೇತುವೆ, ಇಷ್ಟರವರೆಗೂ ಹೋಯಿತು. 1926ರಲ್ಲಿ ಆದ ಹಿಂದೂಸ್ತಾನ್ ಕನ್‌ಸ್ಟ್ರಕ್ಷನ್ ಕಂಪನಿ ಇವತ್ತಿಗೂ ಇದೆ. ನಡುವೆ ಹಡಗಿನ ವ್ಯಾಪಾರ. ಮೊದಲ ಮಹಾಯುದ್ಧ ಮುಗಿದ ಮೇಲೆ ಗ್ವಾಲಿಯರ್ ಮಹಾರಾಜರ ಲಾಯಲ್ಟಿ ಎಂಬ ಹಡಗು ಮಾರಾಟಕ್ಕಿತ್ತು. ನರೋತ್ತಮ ಮುರಾರಜಿ ಮೊದಲಾದವರ ಜೊತೆ ಸೇರಿ ಅದನ್ನು ಕೊಂಡು ಸಿಂಧಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿ ಮಾಡಿದರು. 1919ರ ಏಪ್ರಿಲ್ 5ರಂದು ಆ ಹಡಗು ಮುಂಬಯಿಯಿಂದ ಇಂಗ್ಲೆಂಡಿಗೆ ಹೊರಟಿತು. ಆ ದಿನವನ್ನೇ ನಾವೀಗ ರಾಷ್ಟ್ರೀಯ ಸಮುದ್ರಯಾನ ದಿನವೆಂದು ಆಚರಿಸುತ್ತೇವೆ. ಇಂಗ್ಲಿಷ್ ಹಡಗು ಕಂಪನಿಗಳು ಬಾಡಿಗೆ ಇಳಿಸಿ ಇವರನ್ನು ಮುಳುಗಿಸಲು ನೋಡಿದವು. ಹೊಸ ಅಂಗಡಿ ಎದ್ದರೆ ಹಳೆಯ ಅಂಗಡಿಯವ ಆರು ತಿಂಗಳು ನಷ್ಟಕ್ಕೆ ಮಾರುವ ಆಟ ನಮ್ಮ ಪೇಟೆಯಲ್ಲೂ ಉಂಟು. ಸಿಂಧಿಯಾ ಕಂಪನಿ ಅದನ್ನು ತಾಳಿಕೊಂಡು ಉಳಿಯಿತು.

ಈಗ ಕಾರಿನ ವಿಷಯಕ್ಕೆ ಬರುತ್ತೇನೆ.

ಆಗ ಭಾರತದಲ್ಲಿ ಕಾರು ಮಾರಾಟವಾಗುತ್ತಿದ್ದವು, ಆದರೆ ತಯಾರಾಗುತ್ತಿರಲಿಲ್ಲ. ಅಮೆರಿಕದ ಜನರಲ್ ಮೋಟರ್ಸ್ 1928ರಲ್ಲಿ ಮುಂಬಯಿಯ ಶಿವಡಿಯಲ್ಲಿ ಕಾರ್ಖಾನೆ ಹಾಕಿತ್ತು. ಸ್ವಲ್ಪ ಕಾಲದ ಮೇಲೆ ಫೋರ್ಡ್ ಕೂಡ ಬಂತು. ಇವರು ಮಾಡುತ್ತಿದ್ದುದು ಪೆಟ್ಟಿಗೆಗಳಲ್ಲಿ ಬಂದ ಬಿಡಿಭಾಗಗಳನ್ನು ಇಲ್ಲಿ ಬಿಚ್ಚಿ ಜೋಡಿಸುವ ಕೆಲಸ ಮಾತ್ರ. ಎಂಜಿನ್, ಗೇರ್, ಆಕ್ಸಲ್ ಎಲ್ಲವೂ ಹಡಗಿನಲ್ಲೇ ಬರಬೇಕು. ದುಡ್ಡು ಹಡಗಿನಲ್ಲೇ ಹೋಗಬೇಕು. ನಮ್ಮವರಿಗೆ ಸಿಗುತ್ತಿದ್ದುದು ಏಜೆಂಟನ ಕಮಿಷನ್ ಮತ್ತು ಮೆಕ್ಯಾನಿಕನ ಕೂಲಿ.

ಇದನ್ನು ಬದಲಿಸಬೇಕೆಂದು ಹಟ ಹಿಡಿದವರಲ್ಲಿ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರೂ ಒಬ್ಬರು. ದಿವಾನಗಿರಿ ಬಿಟ್ಟು ಬಹಳ ವರ್ಷಗಳಾದ ಮೇಲೆ, 1930ರ ದಶಕದಲ್ಲಿ, ಯುರೋಪು ಅಮೆರಿಕ ಸುತ್ತಿ ಕಾರು ಕಾರ್ಖಾನೆಗಳನ್ನು ನೋಡಿಬಂದು ಒಂದು ಯೋಜನೆ ತಯಾರಿಸಿದರು. ಆ ಯೋಜನೆಗೆ ಬೆನ್ನು ಕೊಟ್ಟ ವ್ಯಾಪಾರಸ್ಥರು ವಾಲ್‌ಚಂದರು. ಮುಂಬಯಿಯ ಕಾಂಗ್ರೆಸ್ ಸರ್ಕಾರದ ಬಳಿ ಹೋದರು. 1939ರಲ್ಲಿ ಆ ಸರ್ಕಾರವೇ ರಾಜೀನಾಮೆ ಕೊಟ್ಟಿತು. ಮೈಸೂರು ಸಂಸ್ಥಾನಕ್ಕೆ ಮನಸ್ಸಿತ್ತು, ದೆಹಲಿಯ ಇಂಗ್ಲಿಷ್ ಸರ್ಕಾರ ಅಡ್ಡ ಬಂತು. ಯುದ್ಧದ ಕಾಲದಲ್ಲಿ ಕಾರು ಕಾರ್ಖಾನೆ ಅಗತ್ಯವಿಲ್ಲ ಎಂಬುದು ಅವರ ನಿಲುವು. ಅದೇ ಯುದ್ಧಕ್ಕೆ ಸಾವಿರಾರು ಲಾರಿಗಳು ಹೊರಗಿನಿಂದ ಬರುತ್ತಿದ್ದವು ಎಂಬುದನ್ನು ನೆನೆದರೆ ಕಾರಣ ಬೇರೆಯೇ ಇತ್ತೆಂದು ನನಗನಿಸುತ್ತದೆ. ಬೆಂಗಳೂರಿನಲ್ಲಿ ಅಂದೇ ಕಾರು ತಯಾರಾಗಿದ್ದರೆ ಇಂದಿನ ಕರ್ನಾಟಕ ಹೇಗಿರುತ್ತಿತ್ತೋ. ಇರಲಿ.

1939ರಲ್ಲಿ ವಾಲ್‌ಚಂದರು ತಾವೇ ಅಮೆರಿಕಕ್ಕೆ ಹೋದರು. ಫೋರ್ಡ್ ಜೊತೆ ಮಾತು ಕೂಡಿಬರಲಿಲ್ಲ. ಕೊನೆಗೆ ಕ್ರೈಸ್ಲರ್ ಕಂಪನಿ ಒಪ್ಪಿತು. ತಿರುಗಿ ಬರುವಾಗ ವಿಮಾನದಲ್ಲಿ ವಿಲಿಯಂ ಪಾಲಿ ಎಂಬ ಅಮೆರಿಕನ್ ಜೊತೆಯಾದರು. ಅವರು ಚೀನಾದಲ್ಲಿ ವಿಮಾನ ಕಾರ್ಖಾನೆ ನಡೆಸುತ್ತಿದ್ದವರು. ಕಾರಿಗಾಗಿ ಹೋದವರು ವಿಮಾನದ ವಿಚಾರ ಹೊತ್ತು ಬಂದರು. 1940ರ ಡಿಸೆಂಬರ್ 23ರಂದು, ದಿವಾನ್ ಸರ್ ಮಿರ್ಜಾ ಇಸ್ಮಾಯಿಲರ ಮೈಸೂರು ಸರ್ಕಾರದ ಪಾಲುದಾರಿಕೆಯಲ್ಲಿ, ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ನೋಂದಣಿಯಾಯಿತು. ಇಂದಿನ ಎಚ್‌ಎಎಲ್ ಅದೇ. ನಮ್ಮ ಕಡೆಯ ಎಷ್ಟೋ ಮನೆಯ ಮಕ್ಕಳು ಅಲ್ಲಿ ನೌಕರಿ ಮಾಡಿ ನಿವೃತ್ತರಾಗಿದ್ದಾರೆ. ಮರುವರ್ಷವೇ ಹಾರ್ಲೋ ಎಂಬ ತರಬೇತಿ ವಿಮಾನ ಅಲ್ಲಿ ತಯಾರಾಗಿ ಹಾರಿತು. ಆದರೆ ಜಪಾನಿನ ಯುದ್ಧ ಹತ್ತಿರ ಬರುತ್ತಿದ್ದಂತೆ, 1942ರಲ್ಲಿ ಭಾರತ ಸರ್ಕಾರ ವಾಲ್‌ಚಂದರ ಪಾಲನ್ನು ಕೊಂಡು ಕಾರ್ಖಾನೆಯನ್ನು ತನ್ನ ಕೈಗೆ ತೆಗೆದುಕೊಂಡಿತು.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ. ಮುಚ್ಚಿಡುವುದು ಬೇಡ. ಜೈನರಾಗಿ ಯುದ್ಧವಿಮಾನದ ಕಾರ್ಖಾನೆ ಹಾಕಬಹುದೇ? ಒಮ್ಮೆ ಪ್ರವಚನ ಮುಗಿದ ಮೇಲೆ ನಮ್ಮಲ್ಲಿ ಇದರ ಮೇಲೆ ದೊಡ್ಡ ಚರ್ಚೆಯೇ ನಡೆಯಿತು. ಗೃಹಸ್ಥನ ಹಿಂಸೆಯನ್ನು ಶಾಸ್ತ್ರದಲ್ಲಿ ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕು ಬಗೆ ಮಾಡಿದ್ದಾರೆ, ಸಂಕಲ್ಪಿ ಹಿಂಸೆಯನ್ನು ಶ್ರಾವಕನು ಪೂರ್ತಿ ಬಿಡಲೇಬೇಕು, ನಾಡಿನ ರಕ್ಷಣೆ ವಿರೋಧಿಯಲ್ಲಿ ಬರುತ್ತದೆ ಎಂದು ಒಬ್ಬರು ಹಿರಿಯರು ತಿಳಿಸಿ ಹೇಳಿದರು. ಇನ್ನೊಬ್ಬರು ಒಪ್ಪಲಿಲ್ಲ. ಲಾಭಕ್ಕಾಗಿ ಮಾಡಿದ ಮೇಲೆ ಅದು ರಕ್ಷಣೆ ಹೇಗಾಗುತ್ತದೆ ಎಂಬುದು ಅವರ ವಾದ. ನನಗೆ ಇಬ್ಬರ ಮಾತಿನಲ್ಲೂ ಹುರುಳು ಕಂಡಿತು. ವಾಲ್‌ಚಂದರು ವ್ರತಿಗಳಾಗಿರಲಿಲ್ಲ, ವ್ಯಾಪಾರಸ್ಥರಾಗಿದ್ದರು. ಅವರನ್ನು ಪುರಾಣ ಪುರುಷರನ್ನಾಗಿ ಮಾಡುವ ಆಸೆ ನನಗಿಲ್ಲ.

ವಿಶಾಖಪಟ್ಟಣದ ಹಡಗುಕಟ್ಟೆಯ ಕತೆಯೂ ಹೀಗೇ. 1941ರ ಜೂನಿನಲ್ಲಿ ಬಾಬು ರಾಜೇಂದ್ರ ಪ್ರಸಾದರು ಅಡಿಗಲ್ಲು ಹಾಕಿದರು. 1948ರ ಮಾರ್ಚ್‌ನಲ್ಲಿ ಜಲ ಉಷಾ ಎಂಬ ಹಡಗನ್ನು ಪಂಡಿತ ನೆಹರೂ ನೀರಿಗಿಳಿಸಿದರು. 1952ರಲ್ಲಿ ಅದರ ದೊಡ್ಡ ಪಾಲು ಸರ್ಕಾರಕ್ಕೆ ಹೋಯಿತು. ವಿಮಾನ ಹೋಯಿತು, ಹಡಗುಕಟ್ಟೆ ಹೋಯಿತು, ಕಾರು ಉಳಿಯಿತು.

1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ನೋಂದಣಿಯಾಯಿತು. ಮುಂಬಯಿಯ ಕುರ್ಲಾದಲ್ಲಿ ಕಾರ್ಖಾನೆ. ದೇಶಕ್ಕೆ ಸ್ವಾತಂತ್ರ್ಯ ಬಂದ 1947ರಲ್ಲೇ ಅಲ್ಲಿಂದ ಗಾಡಿಗಳು ಹೊರಬಂದವು. ಡಾಡ್ಜ್, ಪ್ಲಿಮತ್ ಕಾರುಗಳು, ಫಾರ್ಗೋ ಲಾರಿಗಳು. ಫಾರ್ಗೋ ಲಾರಿ ಎಂದರೆ ನನಗೆ ಚಿಕ್ಕಂದಿನ ನೆನಪು. ನಮ್ಮ ಅಂಗಡಿಯ ಮುಂದೆ ಹತ್ತಿಯ ಅಂಡಿಗೆ ಹೇರಿಕೊಂಡು ಅದು ಹುಬ್ಬಳ್ಳಿಗೆ ಹೊರಡುತ್ತಿತ್ತು. ಮಳೆಗಾಲದಲ್ಲಿ ನಮ್ಮ ಎರೆಮಣ್ಣಿನಲ್ಲಿ ಹುಗಿದರೆ ಎರಡು ಜೋಡಿ ಎತ್ತು ಕಟ್ಟಿ ಎಳೆಯಬೇಕು. ಆ ಲಾರಿ ಒಬ್ಬ ಜೈನರ ಕಾರ್ಖಾನೆಯದೆಂದು ಅದನ್ನು ಎಳೆಯುತ್ತಿದ್ದ ಜೈನರಿಗೆ ಗೊತ್ತಿರಲಿಲ್ಲ.

ಅವರಿಗೆ ಪೈಪೋಟಿಗೆ ಇದ್ದವರು ಬಿರ್ಲಾ ಮನೆತನದ ಹಿಂದೂಸ್ತಾನ್ ಮೋಟರ್ಸ್. ಅದು ಎರಡು ವರ್ಷ ಮೊದಲು, 1942ರಲ್ಲಿ ಶುರುವಾಗಿತ್ತು. ಮದರಾಸಿನಲ್ಲಿ ಸ್ಟ್ಯಾಂಡರ್ಡ್. ಇಲ್ಲೇ ಬಿಡಿಭಾಗ ತಯಾರಿಸುವ ಯೋಜನೆ ಇದ್ದವರಿಗೆ ಮಾತ್ರ ಅವಕಾಶ ಎಂದು ಸರ್ಕಾರ ನಿರ್ಧರಿಸಿದ ಮೇಲೆ, 1953-54ರ ಹೊತ್ತಿಗೆ, ಜೋಡಿಸಿ ಮಾರುತ್ತಿದ್ದ ಫೋರ್ಡ್ ಮತ್ತು ಜನರಲ್ ಮೋಟರ್ಸ್ ಬಾಗಿಲು ಹಾಕಿದವು. ವಾಲ್‌ಚಂದರು ಹದಿನೈದು ವರ್ಷ ಕೇಳಿದ್ದು ಇದನ್ನೇ. ಅದನ್ನು ಪೂರ್ತಿ ನೋಡಲು ಅವರು ಉಳಿಯಲಿಲ್ಲ. 1949ರಲ್ಲಿ ಪಾರ್ಶ್ವವಾಯು ಬಡಿಯಿತು. 1950ರಲ್ಲಿ ವ್ಯವಹಾರದಿಂದ ಹಿಂದೆ ಸರಿದರು. ಪತ್ನಿ ಕಸ್ತೂರಬಾಯಿಯವರ ಆರೈಕೆಯಲ್ಲಿದ್ದು, 1953ರ ಏಪ್ರಿಲ್ 8ರಂದು ಗುಜರಾತಿನ ಸಿದ್ಧಪುರದಲ್ಲಿ ತೀರಿಕೊಂಡರು. ಮಕ್ಕಳಿರಲಿಲ್ಲ. ತಮ್ಮಂದಿರು ಮತ್ತು ಅವರ ಮಕ್ಕಳು ಉದ್ಯಮಗಳನ್ನು ನಡೆಸಿದರು.

ಇಟಲಿಯ ಫಿಯಟ್ ಜೊತೆ ಒಪ್ಪಂದ ಅವರ ಕೊನೆಯ ವರ್ಷಗಳಲ್ಲಿ ಆದದ್ದು. 1954ರಿಂದ ಫಿಯಟ್ 1100 ಕಾರು ಕುರ್ಲಾದಿಂದ ಬರತೊಡಗಿತು. 1964ರಲ್ಲಿ ಡಿಲೈಟ್ ಎಂಬ ಮಾದರಿ ಬಂತು. 1970ರ ದಶಕದಲ್ಲಿ ಅದೇ ಗಾಡಿಗೆ ಪ್ರೀಮಿಯರ್ ಪದ್ಮಿನಿ ಎಂದು ಹೆಸರಾಯಿತು. ಹೆಸರು ಬದಲಾದರೂ ನಮ್ಮ ಕಡೆ ಫಿಯಟ್ ಫಿಯಟ್ಟೇ. ಗೇರ್ ಸ್ಟೇರಿಂಗಿನ ಪಕ್ಕದಲ್ಲಿ. ಹೀಗಾಗಿ ಮುಂದಿನ ಸೀಟಿನಲ್ಲಿ ಮೂವರು ಕೂರಬಹುದಿತ್ತು, ಮದುವೆಗೆ ಹೋಗುವಾಗ ನಾಲ್ವರೂ ಕೂತದ್ದುಂಟು. ಎಂಜಿನ್ 1089 ಸಿಸಿ. ಅಂಬಾಸಡರಿಗಿಂತ ಹಗುರ, ಎಣ್ಣೆ ಕಡಿಮೆ ಕುಡಿಯುತ್ತಿತ್ತು, ಮನೆಯ ಹೆಣ್ಣುಮಕ್ಕಳೂ ಓಡಿಸಬಹುದಿತ್ತು. ನಮ್ಮ ಕಚ್ಚಾ ರಸ್ತೆಗೆ ಮಾತ್ರ ಅಂಬಾಸಡರೇ ಸರಿ. ಇದು ನನ್ನ ಅಭಿಪ್ರಾಯ, ಫಿಯಟ್ ಅಭಿಮಾನಿಗಳು ಬೈಯಬಾರದು.

ಕೊಳ್ಳುವ ಕಷ್ಟ ಹೇಳತೀರದು. ಬೇಡಿಕೆ ಬಹಳ, ತಯಾರಾಗುವುದು ಸ್ವಲ್ಪ. ಎಷ್ಟು ತಯಾರಿಸಬೇಕೆಂಬುದಕ್ಕೆ ಲೈಸೆನ್ಸ್, ಎಷ್ಟಕ್ಕೆ ಮಾರಬೇಕೆಂಬುದಕ್ಕೆ ಸರ್ಕಾರದ ದರ. ಆ ದರದ ತಕರಾರು ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಠೇವಣಿ ಇಟ್ಟು ಹೆಸರು ಹಚ್ಚಿ ವರ್ಷಗಟ್ಟಲೆ ಕಾಯಬೇಕು. ನಮ್ಮ ಕಾಕಾ ಹೆಸರು ಹಚ್ಚಿ ಕಾಯ್ದು ಕಾಯ್ದು ಬೇಸತ್ತು, ಹುಬ್ಬಳ್ಳಿಯಲ್ಲಿ ಒಬ್ಬ ಡಾಕ್ಟರರ ಕೈಯಿಂದ ಹಳೆಯ ಫಿಯಟ್ ತಂದರು. ಹೊಸದರ ಸರ್ಕಾರಿ ದರಕ್ಕಿಂತ ಹಳೆಯದಕ್ಕೇ ಹೆಚ್ಚು ಕೊಟ್ಟಿದ್ದರು. ಅದು ಮನೆಗೆ ಬಂದ ದಿನ ಅಜ್ಜಿ ಆರತಿ ಎತ್ತಿ, ನಾಲ್ಕೂ ಗಾಲಿಗೆ ನಿಂಬೆಹಣ್ಣು ಇಡಲು ಹೋದಾಗ ಕಾಕಾ ತಡೆದು ಣಮೋಕಾರ ಮಂತ್ರ ಹೇಳಿಸಿ ಮೊದಲು ಬಸದಿಗೆ ಓಡಿಸಿಕೊಂಡು ಹೋದರು.

ಈಗ ಕಾಯುವುದಿಲ್ಲ, ಆದರೆ ಬೇರೆ ತಾಪತ್ರಯ. ನಾಲ್ಕು ವರ್ಷದ ಹಿಂದೆ ಮಗನಿಗೆ ಕಾರು ಕೊಳ್ಳಲು ಒಂದು ಶೋರೂಮಿಗೆ ಹೋಗಿದ್ದೆವು. ಹೆಸರು ಬೇಡ. ತಣ್ಣನೆಯ ಕೋಣೆ, ಕಾಫಿ, ಮಾತು ಮಾತಿಗೆ ಸರ್. ಮೊದಲ ದಿನ ಹೇಳಿದ ದರಕ್ಕೂ ಬಿಲ್ಲಿನ ದಿನದ ದರಕ್ಕೂ ತಾಳೆಯಿಲ್ಲ. ಇನ್ಶೂರೆನ್ಸ್ ಅವರಲ್ಲೇ ಮಾಡಿಸಬೇಕು, ಬೇಡದ ಸೀಟ್ ಕವರ್ ಕೊಳ್ಳಲೇಬೇಕು, ಸಾಗಣೆಯ ಖರ್ಚು ಬೇರೆ. ಅಡತಿಯಲ್ಲಿ ರೈತನ ಪಟ್ಟಿಯಲ್ಲಿ ಹೀಗೆ ಕಡಿತ ಹಾಕಿದರೆ ಎಪಿಎಂಸಿಯವರು ಲೈಸೆನ್ಸ್ ಕಿತ್ತುಕೊಳ್ಳುತ್ತಾರೆ. ನಾನು ಪೆನ್ನು ಹಿಡಿದು ಸಾಲು ಸಾಲು ಕೇಳುತ್ತ ಕುಳಿತೆ. ಮಗನಿಗೆ ನಾಚಿಕೆಯಾಯಿತು. ಅರ್ಧದಷ್ಟು ಸಾಲುಗಳು ಹಾರಿಹೋದವು.

ಪ್ರೀಮಿಯರ್ ಕಂಪನಿಯ ತಪ್ಪನ್ನೂ ಹೇಳಬೇಕು. ಗಿರಾಕಿ ಸಾಲುಗಟ್ಟಿ ನಿಂತಿದ್ದ ಕಾಲದಲ್ಲಿ ಅವರು ಗಾಡಿ ಸುಧಾರಿಸಲಿಲ್ಲ. 1964ರ ಗಾಡಿಗೂ 1990ರ ಗಾಡಿಗೂ ಹೊರಗಿನಿಂದ ನೋಡಿದರೆ ಹೆಚ್ಚು ಅಂತರವಿಲ್ಲ. 1983ರ ಡಿಸೆಂಬರಿನಲ್ಲಿ ಮಾರುತಿ ಬಂದಾಗ ಆ ಸಾಲು ಅತ್ತ ತಿರುಗಿತು. ಪ್ಯೂಜೋ ಮತ್ತು ಫಿಯಟ್ ಜೊತೆ ಹೊಸ ಪಾಲುದಾರಿಕೆ ಮಾಡಿದರೂ ಕೈಹಿಡಿಯಲಿಲ್ಲ. 2000ದ ಸುಮಾರಿಗೆ ಪದ್ಮಿನಿ ನಿಂತಿತು. ವಾಲ್‌ಚಂದರು ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಹೇಳುವವರಿದ್ದಾರೆ. ಸತ್ತವರ ಹೆಸರಿನಲ್ಲಿ ಹಾಗೆ ಹೇಳುವುದು ಸುಲಭ.

ಅವರ ಹೆಸರು ಈಗ ನಮ್ಮ ಮನೆಗಳಲ್ಲಿ ಕೇಳಿಬರುವುದು ಇಂಜಿನಿಯರಿಂಗ್ ಸೀಟಿನ ಹೊತ್ತಿಗೆ. ಸಾಂಗ್ಲಿಯಲ್ಲಿ 1947ರಲ್ಲಿ ಶುರುವಾದ ಇಂಜಿನಿಯರಿಂಗ್ ಕಾಲೇಜಿಗೆ 1955ರಲ್ಲಿ ಅವರ ಮನೆತನದ ದಾನದಿಂದ ವಾಲ್‌ಚಂದ್ ಕಾಲೇಜು ಎಂದು ಹೆಸರಾಯಿತು. ಪುಣೆ ಜಿಲ್ಲೆಯ ಸಕ್ಕರೆ ಕಾರ್ಖಾನೆಯ ಊರು ವಾಲ್‌ಚಂದ್‌ನಗರ. ನಾವು ಚಿಕ್ಕಂದಿನಲ್ಲಿ ತಿಂದ ರಾವಳಗಾಂವ್ ಪೆಪ್ಪರಮೆಂಟೂ ಅವರ ಕಾರ್ಖಾನೆಯದೇ. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರಿನಲ್ಲಿ. ಇಪ್ಪತ್ತು ವರ್ಷದ ಅವಧಿ ಮುಗಿದು 2023ರ ಅಕ್ಟೋಬರಿನಲ್ಲಿ ಅದೂ ರಸ್ತೆ ಬಿಟ್ಟಿತು. ನಮ್ಮ ಕಾಕಾನ ಗಾಡಿ ಅದಕ್ಕೂ ಎಷ್ಟೋ ಮೊದಲೇ ಗುಜರಿಗೆ ಹೋಗಿತ್ತು. ಅದರ ಆರ್‌ಸಿ ಪುಸ್ತಕ ಅಂಗಡಿಯ ತಿಜೋರಿಯಲ್ಲಿದೆ, ತಯಾರಕರ ಹೆಸರಿನ ಕಡೆ ಪ್ರೀಮಿಯರ್ ಎಂದು ಬರೆದಿದೆ. ಬಸದಿಯ ಕಟ್ಟೆಯ ಹುಡುಗರಿಗೆ ತೋರಿಸಲು ಮೊನ್ನೆ ಅದನ್ನು ಹೊರತೆಗೆದಿದ್ದೇನೆ.