ಬಿ.ಎಂ.ಶ್ರೀ ಹೆಸರಿನ ಆ ‘ಬಿ’

ಬೆಂಗಳೂರಿನಿಂದ ಹಾಸನದ ಬಸ್ಸು ಹತ್ತಿದವರಿಗೆಲ್ಲ ಬೆಳ್ಳೂರು ಕ್ರಾಸ್ ಗೊತ್ತು. ಬಸ್ಸು ನಿಲ್ಲುತ್ತೆ, ಟೀ ಕುಡೀತೀವಿ, ಮತ್ತೆ ಹತ್ತಿ ಮಲಗ್ತೀವಿ. ಅಲ್ಲಿಂದ ನಾಗಮಂಗಲದ ಕಡೆ ತಿರುಗಿದರೆ ಸ್ವಲ್ಪ ದೂರದಲ್ಲೇ ಬೆಳ್ಳೂರು ಅನ್ನೋ ಊರಿದೆ. ಹೈಸ್ಕೂಲಿನಲ್ಲಿ ಬಿ.ಎಂ.ಶ್ರೀ ಅಂತ ಕವಿ ಪರಿಚಯ ಬಾಯಿಪಾಠ ಮಾಡಿದ್ದೆವಲ್ಲ, ಆ ‘ಬಿ’ ಇದೇ ಬೆಳ್ಳೂರು. ‘ಎಂ’ ಅಂದರೆ ತಂದೆ ಮೈಲಾರಯ್ಯ. ‘ಶ್ರೀ’ ಅಂದರೆ ಶ್ರೀಕಂಠಯ್ಯ. ಮಾರ್ಕಿಗೋಸ್ಕರ ಓದುವಾಗ ನಾವು ಇದನ್ನು ಗಮನಿಸಿರಲೇ ಇಲ್ಲ.

ಶ್ರೀಕಂಠಯ್ಯನವರು ಹುಟ್ಟಿದ್ದು 1884ರ ಜನವರಿ 3ರಂದು, ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ, ತಾಯಿಯ ತವರಿನಲ್ಲಿ. ಸ್ವಂತ ಊರು ಬೆಳ್ಳೂರು. ತಂದೆ ಶ್ರೀರಂಗಪಟ್ಟಣದಲ್ಲಿ ವಕೀಲರಾಗಿದ್ದರಿಂದ ಹುಡುಗನ ಬಾಲ್ಯ, ಮೊದಲ ಓದು ಅಲ್ಲಿ ನಡೆಯಿತು. ಇವತ್ತು ಬೆಳ್ಳೂರಿನಿಂದ ಹೊರಟರೆ ನಾಗಮಂಗಲ, ಪಾಂಡವಪುರ ದಾಟಿ ಅರ್ಧ ದಿನದೊಳಗೆ ಶ್ರೀರಂಗಪಟ್ಟಣ ನೋಡಿಕೊಂಡು ವಾಪಸ್ ಬರಬಹುದು. ಆಗ ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್ ಅಂತ ಹೆಸರು. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದ ಜಾಗ ಅದು.

ಆ ಹುಡುಗ ಬೆಳೆದ ಊರೂ ಒಂಥರಾ ಜಾಗ ಕಳೆದುಕೊಂಡ ಊರೇ. 1799ರವರೆಗೆ ಅದು ರಾಜಧಾನಿ. ಟಿಪ್ಪು ಸತ್ತ ಮೇಲೆ ರಾಜಧಾನಿ ಮೈಸೂರಿಗೆ ಹೋಯಿತು. ಕಾವೇರಿ ಮಧ್ಯೆ ಕೋಟೆ, ದೇವಸ್ಥಾನ, ಮಸೀದಿ ಉಳಿದವು. ಒಂದು ಕಾಲ ಮುಗಿದು ಇನ್ನೊಂದು ಶುರುವಾಗಿದ್ದನ್ನು ಪುಸ್ತಕ ಇಲ್ಲದೆಯೇ ನೋಡಬಹುದಾದ ಜಾಗ. ಹಳೆಯದನ್ನು ಬಿಡದೆ ಹೊಸದನ್ನು ಹೆದರದೆ ತಗೊಳ್ಳೋ ಅವರ ಸ್ವಭಾವದ ಬೇರು ಇಲ್ಲೂ ಇರಬಹುದು ಅಂತ ನಮಗೆ ಅನ್ನಿಸುತ್ತೆ.

ಆಮೇಲೆ ಓದಿಗಾಗಿ ಮೈಸೂರು, ಬೆಂಗಳೂರು, ಮದರಾಸು. ಬಿ.ಎಲ್., ಎಂ.ಎ. ಎರಡೂ ಆಯಿತು. ಅಪ್ಪನ ಹಾಗೆ ಕೋರ್ಟಿಗೆ ಹೋಗಲಿಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮೇಷ್ಟರಾದರು, ಅದೂ ಇಂಗ್ಲಿಷ್ ಮೇಷ್ಟರು! ನಾವು ಅವರನ್ನು ಕನ್ನಡ ಪ್ರೊಫೆಸರ್ ಅಂತಲೇ ಅಂದುಕೊಂಡಿದ್ದೆವು.

1911ರಲ್ಲಿ ಅವರಿಗೆ 27 ವರ್ಷ, ನಮ್ಮ ಪಿ.ಜಿ. ಸೀನಿಯರ್‌ಗಳಿಗಿಂತ ಸ್ವಲ್ಪ ದೊಡ್ಡವರು ಅಷ್ಟೇ. ಆ ವರ್ಷ ಧಾರವಾಡಕ್ಕೆ ಹೋಗಿ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ, ಕನ್ನಡ ಮಾತು ತಲೆ ಎತ್ತುವುದು ಹೇಗೆ ಅನ್ನೋ ವಿಷಯದ ಮೇಲೆ ಭಾಷಣ ಮಾಡಿದರು. ಆಗ ಧಾರವಾಡ ಬೊಂಬಾಯಿ ಪ್ರಾಂತ್ಯದಲ್ಲಿತ್ತು, ಮೈಸೂರು ಬೇರೆ ಸಂಸ್ಥಾನ. ಇಂಗ್ಲಿಷ್ ಪಾಠ ಮಾಡುವ ಮೈಸೂರಿನವರೊಬ್ಬರು ಅಲ್ಲಿಗೆ ಹೋಗಿ ಕನ್ನಡದ ಬಗ್ಗೆ ಮಾತಾಡಿದ್ದು ಚಿಕ್ಕ ವಿಷಯ ಅಲ್ಲ.

ಮಾತಾಡಿ ಸುಮ್ಮನಾಗಲಿಲ್ಲ. ಅರವತ್ತರಷ್ಟು ಕವಿತೆಗಳಿರುವ ‘ಇಂಗ್ಲಿಷ್ ಗೀತಗಳು’ 1926ರಲ್ಲಿ ಬಂತು. ಇದು ಡಿಕ್ಷನರಿ ಇಟ್ಟುಕೊಂಡು ಮಾಡೋ ಕೆಲಸ ಅಲ್ಲ. ನಾವು ಒಂದು ಭಾಷೆಯ ಕೋಡನ್ನು ಇನ್ನೊಂದಕ್ಕೆ ಸಾಲು ಸಾಲಾಗಿ ಬದಲಿಸಿದರೆ ರನ್ ಆಗಲ್ಲ ಅಲ್ವಾ, ಹಾಗೇನೇ. ಇಂಗ್ಲಿಷ್ ಪದ್ಯ ನಡೆಯೋದು ಒತ್ತಿನ ಮೇಲೆ, ಕನ್ನಡ ನಡೆಯೋದು ಮಾತ್ರೆಯ ಮೇಲೆ. ಲಘುವಿಗೆ 1, ಗುರುವಿಗೆ 2. ‘ಮನೆ’ ಅಂದರೆ 2 ಮಾತ್ರೆ, ‘ಮಾತು’ ಅಂದರೆ 3. ಶ್ರೀಯವರು ಮೂರು, ನಾಲ್ಕು, ಐದು ಮಾತ್ರೆಗಳ ಗುಂಪುಗಳನ್ನೇ ಹೊಸ ಹೊಸ ರೀತಿಯಲ್ಲಿ ಜೋಡಿಸಿದರು. ಪ್ರತಿ ಸಾಲಿನ ಎರಡನೇ ಅಕ್ಷರ ಹೊಂದಲೇಬೇಕು ಅನ್ನೋ ಪ್ರಾಸದ ನಿಯಮವನ್ನೂ ಸಡಿಲ ಮಾಡಿದರು. ಅದನ್ನು ಮಂಜೇಶ್ವರದ ಗೋವಿಂದ ಪೈಗಳು ಮೊದಲೇ ಬಿಟ್ಟಿದ್ದರು. ಸ್ಕೂಲ್ ಪ್ರೇಯರ್‌ನಲ್ಲಿ ನಾವು ಹಾಡುತ್ತಿದ್ದ, ಬೆಳಕನ್ನು ಕರೆಯುವ ಹಾಡು ಇದೆಯಲ್ಲ, ಅದು ಇಂಗ್ಲಿಷಿನ ನ್ಯೂಮನ್ ಬರೆದದ್ದು, ಶ್ರೀಯವರ ಕೈಯಲ್ಲಿ ಕನ್ನಡವಾದದ್ದು. ಅನುವಾದ ಅಂತ ಗೊತ್ತೇ ಆಗದೆ ಹತ್ತು ವರ್ಷ ಹಾಡಿದ್ದೀವಿ.

1929ರ ‘ಅಶ್ವತ್ಥಾಮನ್’ ನಾಟಕದಲ್ಲಂತೂ ಅವರು ಇಡೀ ಮನುಷ್ಯನನ್ನೇ ಊರು ಬದಲಿಸಿಬಿಟ್ಟರು. ಸೊಫೊಕ್ಲಿಸ್‌ನ ಗ್ರೀಕ್ ವೀರ ಅಯಾಸ್ ಇಲ್ಲಿ ಮಹಾಭಾರತದ ಅಶ್ವತ್ಥಾಮ. ನಮ್ಮ ಪುರಾಣದಲ್ಲಿ ಚಿರಂಜೀವಿಯಾದವನು ಈ ನಾಟಕದಲ್ಲಿ ಸಾಯುತ್ತಾನೆ. ಹೊಸ ಊರಿಗೆ ಬಂದವನಿಂದ ಊರೂ ಸ್ವಲ್ಪ ಬದಲಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ಉದಾಹರಣೆ ಬೇಕಾ?

1927ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ.ಎ. ಶುರುವಾದಾಗ ಅದರ ಹೊಣೆಯನ್ನೂ ಇದೇ ಇಂಗ್ಲಿಷ್ ಮೇಷ್ಟರು ಹೊತ್ತರು. ಮೊದಲ ಬ್ಯಾಚಿನಲ್ಲಿ ಕುವೆಂಪು ಇದ್ದರು. 1928ರಲ್ಲಿ ಶ್ರೀಯವರು ಕಲಬುರಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಜನ ಅವರನ್ನು ಕನ್ನಡದ ಕಣ್ವ ಅಂತ ಕರೆದರು. ಕಣ್ವ ಋಷಿ ಶಕುಂತಲೆಯನ್ನು ಹೆತ್ತವನಲ್ಲ, ಸಾಕಿದವನು. ರಿಟೈರ್ ಆದ ಮೇಲೂ ಧಾರವಾಡದ ಕಾಲೇಜೊಂದಕ್ಕೆ ಪ್ರಿನ್ಸಿಪಾಲರಾಗಿ ಹೋದರು. 1946ರ ಜನವರಿ 5ರಂದು, 62 ತುಂಬಿದ ಎರಡೇ ದಿನಕ್ಕೆ, ಅಲ್ಲೇ ತೀರಿಕೊಂಡರು.

ಇದನ್ನೆಲ್ಲ ಈಗ ಯಾಕೆ ಬರೀತಿದ್ದೀವಿ ಅಂದರೆ, ನಮ್ಮಲ್ಲಿ ಎಷ್ಟೋ ಜನ ಚಿಕ್ಕವರಿದ್ದಾಗಲೇ ಕೆ.ಆರ್. ಪೇಟೆ, ನಾಗಮಂಗಲ ಕಡೆಯಿಂದ ಅಪ್ಪನ ಕೆಲಸದ ಜೊತೆ ಬೆಂಗಳೂರಿಗೆ ಬಂದವರು. ಯು.ಕೆ.ಜಿ.ಯಿಂದ ಇಂಗ್ಲಿಷ್ ಮೀಡಿಯಂ. ಕ್ಲಾಸಲ್ಲಿ ಬಾಯಿತಪ್ಪಿ ‘ಕಣ್ಲಾ’ ಅಂದರೆ ಎಲ್ಲರೂ ನಗುತ್ತಿದ್ದರು. ದಸರಾ ರಜಕ್ಕೆ ಊರಿಗೆ ಹೋದರೆ ಅಜ್ಜಿಯೇ ಸಿಟಿ ಹೈಕ್ಳು ಅಂತ ರೇಗಿಸೋರು. ಎರಡೂ ಕಡೆ ಹೊರಗಿನವರು. ಹೋಗ್ತಾ ಹೋಗ್ತಾ, ನಮ್ಮ ಕನ್ನಡ ಅಷ್ಟಕ್ಕಷ್ಟೇ ಅಂತ ಮೊದಲೇ ಹೇಳಿ ತಪ್ಪಿಸಿಕೊಳ್ಳೋದನ್ನ ಕಲಿತೆವು. ಈ ಲೇಖನ ಬರೆಯೋಕೂ ಅದೇ ನೆಪ ಹೇಳಿದ್ದೆವು.

ಶ್ರೀಯವರ ಜೀವನ ಓದಿದ ಮೇಲೆ ಆ ನೆಪ ಹೇಳೋಕೆ ನಾಚಿಕೆ ಆಗ್ತಿದೆ. ಎರಡು ಕಡೆ ಗೊತ್ತಿರುವವರಿಗೆ ಒಂದು ಕೆಲಸ ಇರುತ್ತೆ, ಈ ಕಡೆಯದನ್ನ ಆ ಕಡೆಗೆ ದಾಟಿಸೋದು. ಅವರು ಅದನ್ನೇ ಜೀವನಪೂರ್ತಿ ಮಾಡಿದರು. ಅಷ್ಟೂ ವರ್ಷ ಬೆಳ್ಳೂರು ಅವರ ಹೆಸರಿನಲ್ಲಿ ಮೊದಲನೇ ಜಾಗದಲ್ಲೇ ಇತ್ತು, ಅದೂ ಒಂದು ಇಂಗ್ಲಿಷ್ ಅಕ್ಷರವಾಗಿ.

ಮುಂದಿನ ಸಲ ಬೆಳ್ಳೂರು ಕ್ರಾಸಲ್ಲಿ ಬಸ್ಸು ನಿಂತಾಗ ಟೀ ಕುಡೀರಿ. ಹಾಗೇ ನಾಗಮಂಗಲದ ರಸ್ತೆ ಕಡೆ ಒಂದ್ಸಲ ನೋಡಿ.