ಬ್ರುನೆಲೆಸ್ಕಿಯ ಮೊಗಸಾಲೆ

ಇಟಲಿ ದೇಶದ ಫ್ಲಾರೆನ್ಸ್ ನಗರದಲ್ಲಿ 1377ರಲ್ಲಿ ಜನಿಸಿದ ಫಿಲಿಪ್ಪೊ ಬ್ರುನೆಲೆಸ್ಕಿಯು ಮೊದಲು ಕಲಿತದ್ದು ಅಕ್ಕಸಾಲಿಗನ ಕಸುಬು. ಬಯಸಿದ್ದು ಶಿಲ್ಪಿಯ ಕೀರ್ತಿ. 1401ರಲ್ಲಿ ಅಲ್ಲಿನ ದೀಕ್ಷಾಸ್ನಾನ ಮಂದಿರಕ್ಕೆ ಕಂಚಿನ ಬಾಗಿಲುಗಳನ್ನು ಮಾಡಿಸಲು ನಡೆದ ಸ್ಪರ್ಧೆಯಲ್ಲಿ ಆತನೂ ಒಂದು ಫಲಕವನ್ನು ಒಪ್ಪಿಸಿದನು. ಆದರೆ ಆ ಕೆಲಸವು ಗಿಬೆರ್ತಿಯ ಪಾಲಾಯಿತು. ಇಬ್ಬರ ಫಲಕಗಳೂ ಇಂದಿಗೂ ಉಳಿದಿವೆ. ಸೋತವನ ಕೃತಿಯೇನೂ ಕಳಪೆಯಲ್ಲ. ಅಲ್ಲಿಂದ ಮುಂದೆ ಬ್ರುನೆಲೆಸ್ಕಿಯ ಮನಸ್ಸು ಕ್ರಮೇಣ ವಾಸ್ತುಶಿಲ್ಪದತ್ತ ತಿರುಗಿತು.

ಆ ಕಾಲದ ಫ್ಲಾರೆನ್ಸಿನಲ್ಲಿ ಬಡತನಕ್ಕೋ ಲೋಕನಿಂದೆಗೋ ಅಂಜಿ ಹಸುಗೂಸುಗಳನ್ನು ತೊರೆಯುವವರಿದ್ದರು. ಅಂತಹ ಮಕ್ಕಳಿಗೆ ಒಂದು ಆಶ್ರಯವನ್ನು ಕಟ್ಟಿಸಲು ರೇಷ್ಮೆ ವರ್ತಕರ ಸಂಘವು 1419ರಲ್ಲಿ ಮುಂದಾಯಿತು. ಅಕ್ಕಸಾಲಿಗರೂ ಇದೇ ಸಂಘಕ್ಕೆ ಸೇರಿದವರಾದುದರಿಂದ ಕೆಲಸವು ಬ್ರುನೆಲೆಸ್ಕಿಗೆ ಬಂದಿತು.

ಅನಾಥಾಲಯವೆಂದೊಡನೆ ಎತ್ತರದ ಗೋಡೆ, ಮುಚ್ಚಿದ ಬಾಗಿಲು ನಮ್ಮ ಕಣ್ಣಿಗೆ ಕಟ್ಟುತ್ತವೆಯಲ್ಲವೆ? ಬ್ರುನೆಲೆಸ್ಕಿಯಾದರೋ ಕಟ್ಟಡದ ಮುಂಭಾಗದಲ್ಲಿ ಒಂಬತ್ತು ಕಮಾನುಗಳ ಮೊಗಸಾಲೆಯೊಂದನ್ನು ಚೌಕದ ಕಡೆಗೆ ತೆರೆದಿಟ್ಟನು. ಕಂಬದ ಎತ್ತರ, ಕಂಬಗಳ ನಡುವಣ ಅಂತರ, ಮೊಗಸಾಲೆಯ ಆಳ ಈ ಮೂರೂ ಸಮ. ಕಂಬಗಳು ಸಪೂರ, ಕಮಾನುಗಳು ಹಗುರ. ಹೀಗಾಗಿ ಅದು ಯಾರನ್ನೂ ಬೆದರಿಸುವುದಿಲ್ಲ. ಬಿಸಿಲು ಮಳೆಗಳಿಗೆ ಯಾರಾದರೂ ಬಂದು ನಿಲ್ಲಬಹುದಾದ ನೆರಳು ಅದು. ಕಂದನನ್ನು ಸೆರಗಿನಲ್ಲಿ ಮರೆಸಿಕೊಂಡು ಬಂದ ತಾಯಿಗೆ, ಕೋಟೆಯ ಬಾಗಿಲನ್ನು ತಟ್ಟುವುದಕ್ಕಿಂತ ಆ ನೆರಳಿನೊಳಕ್ಕೆ ಕಾಲಿಡುವುದು ಸುಲಭವಾಗಿದ್ದಿರಬೇಕು.

1420ರಲ್ಲಿ ನಗರದ ಮಹಾ ಇಗರ್ಜಿಯ ಗುಮ್ಮಟದ ಕೆಲಸ ಆರಂಭವಾಯಿತು. ಕೆಳಗಿನಿಂದ ಮರದ ಆಧಾರವನ್ನು ಕೊಡದೆ ಎರಡು ಪದರಗಳಲ್ಲಿ ಅದನ್ನು ಮೇಲೆತ್ತಿದ ಸಾಹಸದಿಂದಲೇ ಆತನು ಜಗದ್ವಿಖ್ಯಾತನಾದನು. ನೆಲದಿಂದ 50 ಮೀಟರಿಗೂ ಎತ್ತರದಲ್ಲಿ ದುಡಿಯುತ್ತಿದ್ದ ಕೆಲಸಗಾರರು ಊಟಕ್ಕೆಂದು ಇಳಿದು ಹತ್ತಿ ದಣಿಯದಂತೆ ಮೇಲೆಯೇ ಊಟದ ಅಂಗಡಿಗಳನ್ನು ಹೂಡಿಸಿದನೆಂದು ಮುಂದಿನ ಶತಮಾನದ ಚರಿತ್ರಕಾರ ವಸಾರಿ ತಿಳಿಸುತ್ತಾನೆ. ಗುಮ್ಮಟವು 1436ರಲ್ಲಿ ಪೂರ್ಣಗೊಂಡಿತು.

ಮಕ್ಕಳ ಆಶ್ರಯವನ್ನು ಇತರರು ಮುಂದುವರಿಸಿದರು. 1445ರ ಫೆಬ್ರುವರಿಯಲ್ಲಿ ಅಲ್ಲಿಗೆ ಮೊದಲ ಕೂಸು, ಒಂದು ಹೆಣ್ಣುಮಗು, ಬಂದಿತು. ಮರುವರ್ಷ ಬ್ರುನೆಲೆಸ್ಕಿಯು ತೀರಿಕೊಂಡನು.

ಮುಂದೆ ಕಮಾನುಗಳ ನಡುವೆ, ಬಟ್ಟೆ ಸುತ್ತಿದ ಹಸುಗೂಸುಗಳ ಉಬ್ಬುಶಿಲ್ಪಗಳನ್ನು ನೀಲಿ ಬಿಲ್ಲೆಗಳ ಮೇಲೆ ಕೂಡಿಸಲಾಯಿತು. 1516ರಲ್ಲಿ ಚೌಕದ ಎದುರು ಬದಿಯಲ್ಲಿ ಕಟ್ಟಲು ಬಂದವರು ತಮ್ಮ ಜಾಣ್ಮೆಯನ್ನು ಮೆರೆಯಲು ಹೋಗದೆ, ಇದೇ ಮೊಗಸಾಲೆಯನ್ನು ಹೋಲುವ ಇನ್ನೊಂದನ್ನು ಕಟ್ಟಿದರು. ಮೂರನೆಯ ಬದಿಯ ಇಗರ್ಜಿಯ ಮುಂದೆಯೂ ಅನಂತರ ಕಮಾನುಗಳೇ ಬಂದವು.